ಉದಕಮಂಡಲ ಬೆಳೆದ ಬಗೆ

ಉದಕಮಂಡಲವೆಂಬ ಹೆಸರನ್ನು ಕೇಳಿದೊಡನೆ ಅದರ ಅರ್ಥ ನಮಗೆ ತಿಳಿದೇ ಇದೆಯೆಂದು ಅನಿಸುತ್ತದೆ. ಉದಕವೆಂದರೆ ನೀರು, ಮಂಡಲವೆಂದರೆ ವೃತ್ತ, ಊರಿನಲ್ಲಿ ಕೆರೆಯೂ ಇದೆ, ಇನ್ನೇನು ಬೇಕು? ಆದರೆ ಆ ಕೆರೆಯನ್ನು ಕಟ್ಟಿಸಿದ್ದು 1823ರಿಂದ 1825ರ ಅವಧಿಯಲ್ಲಿ. ಅದಕ್ಕೂ ಮೊದಲು, 1821ರಲ್ಲಿಯೇ, ಮದರಾಸಿನ ಗೆಜೆಟ್ಟಿನಲ್ಲಿ ಈ ಸ್ಥಳದ ಹೆಸರು 'ವೊಟೊಕಿಮಂಡ್' ಎಂದು ಅಚ್ಚಾಗಿತ್ತು. ಹೆಸರಿನ ಕೊನೆಯಲ್ಲಿರುವುದು ಮಂಡಲವಲ್ಲ, ಮಂದ್. ಎಮ್ಮೆಗಳನ್ನು ಸಾಕಿ ಬದುಕುವ ತೋಡರ ನೆಲೆಗೆ ಆ ಬೆಟ್ಟಗಳಲ್ಲಿ ಹೇಳುವ ಮಾತು ಅದು; ನಮ್ಮ 'ಮಂದೆ'ಯ ಬಳಗಕ್ಕೇ ಸೇರಿದ ಶಬ್ದ. ನೀರಿನ ಹೆಸರೆಂದು ನಾವು ಬಗೆದದ್ದು ವಾಸ್ತವದಲ್ಲಿ ಹುಲ್ಲುಗಾವಲಿನ ಜನರ ಹೆಸರು. ಊರು ಬೆಳೆದ ಬಗೆಯನ್ನು ಅರಿಯಲು ಇಲ್ಲಿಂದಲೇ ಹೊರಡುವುದು ಮೇಲು.

ನೀಲಗಿರಿ ಕನ್ನಡಿಗರಿಗೆ ಅಪರಿಚಿತವಾದ ಸೀಮೆಯೇನೂ ಅಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋಡರನ್ನು ಬೆದರಿಸಿ ನೀಲಾದ್ರಿಯನ್ನು ಕೈವಶ ಮಾಡಿಕೊಂಡನೆಂದು ಚಾಮರಾಜನಗರದ 1117ನೆಯ ಇಸವಿಯ ಶಾಸನ ತಿಳಿಸುತ್ತದೆ. ಮುಂದೆ ಮೈಸೂರು ಸೀಮೆಯಿಂದ ಬೇಸಾಯಗಾರರು ಬೆಟ್ಟವೇರಿ ನೆಲಸಿದರು. ಬಡಗಣ ದಿಕ್ಕಿನಿಂದ ಬಂದವರಾದ್ದರಿಂದ ಅವರು ಬಡಗರಾದರು. ಅವರ ನುಡಿ ಕನ್ನಡದ ಒಡಹುಟ್ಟು. 2637 ಮೀಟರ್ ಎತ್ತರದ ಶಿಖರವನ್ನು ಇಂದಿಗೂ ಎಲ್ಲರೂ ದೊಡ್ಡಬೆಟ್ಟವೆಂದೇ ಕರೆಯುತ್ತಾರೆ. ಬಡಗರ ಧಾನ್ಯ, ತೋಡರ ಹಾಲು-ತುಪ್ಪ, ಕೋತರ ಮಡಕೆ-ಕಬ್ಬಿಣ, ಇವುಗಳ ಕೊಡುಕೊಳೆಯಲ್ಲಿ ಬೆಟ್ಟದ ಬಾಳು ನಡೆದಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನೀಲಗಿರಿ ಕುಂಪಣಿ ಸರ್ಕಾರದ ಪಾಲಾಯಿತು. ಇಪ್ಪತ್ತು ವರ್ಷಗಳ ತರುವಾಯ, 1819ರಲ್ಲಿ, ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟವನ್ನೇರಿದ. ಬಯಲುಸೀಮೆಯ ಬೇಗೆಯಲ್ಲಿ ಬೆಂದಿದ್ದ ಆತನಿಗೆ ಅಲ್ಲಿನ ಹವೆ ತಾಯ್ನಾಡನ್ನು ನೆನಪಿಗೆ ತಂದಿರಬೇಕು. ತೋಡರಿಂದ ಎಕರೆಗೆ ಒಂದು ರೂಪಾಯಿಯಂತೆ ಭೂಮಿ ಕೊಂಡನೆಂದು ಹೇಳುತ್ತಾರೆ. 1822ರಲ್ಲಿ ಕಲ್ಲುಬಂಗಲೆಯನ್ನು ಕಟ್ಟಲಾರಂಭಿಸಿದ. ಅದು ಈಗ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಆಲೂಗೆಡ್ಡೆಯಂಥ ಬೆಳೆಗಳನ್ನು ತಂದವನೂ, ಕೆರೆ ಕಟ್ಟಿಸಿದವನೂ ಇವನೇ. ಆದರೂ ಸಲಿವನ್ನನನ್ನು ಬರಿಯ ಭೂದಾಹಿಯೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಈ ನೆಲದ ಒಡೆತನ ತೋಡರದೇ ಎಂದು ಮೇಲಧಿಕಾರಿಗಳೊಡನೆ ವಾದಿಸಿದವನೂ ಅವನೇ. ವಾದ ನಿಲ್ಲಲಿಲ್ಲ, ಅವನು ತೋರಿದ ದಾರಿಯಲ್ಲಿ ಬಂಗಲೆಗಳು ಮಾತ್ರ ಏರುತ್ತ ಹೋದವು. 1838ರಲ್ಲಿ ಅವನ ಪತ್ನಿಯೂ ಮಗಳೂ ಇಲ್ಲಿಯೇ ತೀರಿಕೊಂಡರು. ಅವರ ಸಮಾಧಿ ಇರುವುದು ಸಂತ ಸ್ಟೀಫನ್ನರ ಇಗರ್ಜಿಯ ಅಂಗಳದಲ್ಲಿ. 1829ರಲ್ಲಿ ಅಡಿಗಲ್ಲಿಟ್ಟ ಆ ಇಗರ್ಜಿಯ ಭಾರಿ ತೊಲೆಗಳನ್ನು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಸಾಗಿಸಿ ತಂದರಂತೆ. ಸೋತ ಅರಸನ ಮನೆಯ ಮರ ಗೆದ್ದವರ ದೇವಮಂದಿರಕ್ಕೆ ಆಧಾರವಾಯಿತು.

ಮುಂದಿನ ಬೆಳವಣಿಗೆ ತ್ವರಿತವಾಗಿ ನಡೆಯಿತು. 1866ರಲ್ಲಿ ಪುರಸಭೆ, 1870ರ ಹೊತ್ತಿಗೆ ಮದರಾಸು ಸರ್ಕಾರಕ್ಕೆ ಇದೇ ಬೇಸಗೆಯ ರಾಜಧಾನಿ. ಮೈಸೂರಿನ ಅರಸರೂ ಫರ್ನ್‌ಹಿಲ್ಲಿನಲ್ಲಿ ಅರಮನೆ ಹೊಂದಿದರು. ಮೆಟ್ಟುಪಾಳ್ಯದಿಂದ ಹೊರಟ ಹಲ್ಲುಕಂಬಿಯ ರೈಲು 1899ರಲ್ಲಿ ಕುನ್ನೂರಿಗೂ, 1908ರಲ್ಲಿ ಉದಕಮಂಡಲಕ್ಕೂ ಮುಟ್ಟಿತು. 46 ಕಿಲೋಮೀಟರ್ ಹಾದಿಯಲ್ಲಿ ಅದು 326 ಮೀಟರಿನಿಂದ 2203 ಮೀಟರ್ ಎತ್ತರಕ್ಕೆ ಏರುತ್ತದೆ. ಅದನ್ನು ಯುನೆಸ್ಕೋ 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ರೈಲಿಗಿಂತಲೂ ಹೆಚ್ಚು ಬೆಟ್ಟದ ಮುಖವನ್ನು ಬದಲಿಸಿದ್ದು ಮರ. ನೀಲಗಿರಿಯ ನೆತ್ತಿ ಮೊದಲಿಗೆ ಹುಲ್ಲುಗಾವಲು; ಕಣಿವೆಯ ಮಡಿಲುಗಳಲ್ಲಿ ಮಾತ್ರ ಶೋಲಾ ಎಂಬ ಕುಳ್ಳು ಮರಗಳ ದಟ್ಟ ಕಾಡು. ಹುಲ್ಲೂ ಶೋಲೆಯೂ ಕೂಡಿ ಮಳೆಯ ನೀರನ್ನು ಹೀರಿಟ್ಟುಕೊಂಡು ವರ್ಷವಿಡೀ ತೊರೆಗಳಿಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ. ಆ ತೊರೆಗಳೇ ಭವಾನಿಗೂ, ಬಂಡೀಪುರದ ಅಂಚಿನಲ್ಲಿ ಹರಿಯುವ ಮೋಯಾರಿಗೂ, ಕಡೆಗೆ ಕಾವೇರಿಗೂ ನೀರೂಡುವುವು. ಹೊಸ ಊರಿಗಾದರೋ ಸೌದೆ ಬೇಕಾಗಿತ್ತು. ಶೋಲೆಗಳನ್ನು ಕಡಿದರು, ಬೇಗ ಬೆಳೆಯುವುದೆಂದು ಆಸ್ಟ್ರೇಲಿಯದ ನೀಲಗಿರಿಮರವನ್ನು 1843ರಲ್ಲಿ ತಂದರು, ಜಾಲಿಯ ಜಾತಿಯ ವ್ಯಾಟಲ್ ಮರಗಳನ್ನೂ ನೆಟ್ಟರು. ಪರದೇಶದ ಮರಕ್ಕೆ ನಾವು ಬೆಟ್ಟದ ಹೆಸರನ್ನೇ ಇಟ್ಟುಬಿಟ್ಟಿದ್ದೇವೆ. ಅದು ಇಲ್ಲಿನದೇ ಎಂದು ನಂಬಿದವರು ಎಷ್ಟೋ ಮಂದಿ! ಸಿಂಕೋನ, ಚಹಾ ಒಂದರ ಹಿಂದೊಂದು ಬಂದವು. ಹುಲ್ಲುಗಾವಲನ್ನು 'ಪಾಳುಭೂಮಿ' ಎಂದು ಲೆಕ್ಕಕ್ಕೆ ಹಿಡಿದ ಕಂದಾಯದ ಕಣ್ಣಿಗೆ ಇದೆಲ್ಲವೂ ಅಭಿವೃದ್ಧಿಯಾಗಿಯೇ ಕಂಡಿತು. ಸ್ವಾತಂತ್ರ್ಯ ಬಂದ ಮೇಲೂ ಆ ಕಣ್ಣು ಬೇಗನೆ ಬದಲಾಗಲಿಲ್ಲ.

ಕೆರೆಯ ಗತಿಯೂ ಅಷ್ಟೆ. ಮೊದಲಿನ ವಿಸ್ತಾರ ಕುಗ್ಗಿ, ತುಂಬಿಸಿದ ನೆಲದಲ್ಲಿ ಕುದುರೆಪಂದ್ಯದ ಮೈದಾನವೂ ಬಸ್ ನಿಲ್ದಾಣವೂ ಎದ್ದವು. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 88,430. ಬೇಸಗೆಯಲ್ಲಿ ಬಂದುಹೋಗುವವರು ಇದಕ್ಕೆ ಎಷ್ಟೋ ಪಟ್ಟು. ವಾಹನಗಳ ದಟ್ಟಣೆ ಮಿತಿ ಮೀರಿ, ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ ತಿಂಗಳಿನಿಂದ ನೀಲಗಿರಿಗೆ ಬರುವ ವಾಹನಗಳಿಗೆ ರಹದಾರಿ ಚೀಟಿ ಬೇಕಾಯಿತು. 2025ರ ಬೇಸಗೆಗೆ ದಿನಕ್ಕೆ 6000, ವಾರಾಂತ್ಯಗಳಲ್ಲಿ 8000 ವಾಹನಗಳೆಂಬ ಮಿತಿಯೂ ಬಂತು. ಅಂಥ ವಾಹನಗಳಲ್ಲಿ ನಮ್ಮ ಮೈಸೂರು, ಬೆಂಗಳೂರಿನವು ಕಡಿಮೆಯೇನಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಉದಕಮಂಡಲಕ್ಕೆ ಹೋದವರು ಸಸ್ಯೋದ್ಯಾನವನ್ನು ನೋಡದೆ ಬರುವುದಿಲ್ಲ. 1848ರಲ್ಲಿ ಮೆಕೈವರ್ ಎಂಬ ತೋಟಗಾರನು ರೂಪಿಸತೊಡಗಿದ ತೋಟ ಅದು. ಹೂವಿನ ಪಾತಿಗಳನ್ನೂ ಹಸಿರು ಹಾಸನ್ನೂ ಕಂಡು ಬಹುಮಂದಿ ಕೆಳಗಿನಿಂದಲೇ ಹಿಂದಿರುಗುತ್ತಾರೆ. ಇಳಿಜಾರಿನಲ್ಲಿ ಇನ್ನಷ್ಟು ಮೇಲಕ್ಕೆ ನಡೆದರೆ, ತೋಟ ಮುಗಿಯುವೆಡೆಯಲ್ಲಿ, ತೋಡರ ಒಂದು ಮಂದ್ ಈಗಲೂ ಇದೆ.