ಕ್ಲಾಸ್ ಒಂದೇ, ಖಾತೆಗಳು ಬೇರೆ ಬೇರೆ

ಪ್ರೋಗ್ರಾಮಿಂಗ್ ಕಲಿಯುವವರು ಲೂಪ್, ಫಂಕ್ಷನ್‌ಗಳನ್ನು ಹೇಗೋ ದಾಟಿಬಿಡುತ್ತಾರೆ. ಕ್ಲಾಸ್, ಆಬ್ಜೆಕ್ಟ್ ಬಂದಾಗ ತಡವರಿಸುತ್ತಾರೆ. ನಾಯಿ ಬೊಗಳುವ, ಬೆಕ್ಕು ಮಿಯಾಂವ್ ಎನ್ನುವ ಉದಾಹರಣೆಗಳೂ ಇದಕ್ಕೆ ಕಾರಣ. ಅಂಥ ಪ್ರೋಗ್ರಾಂ ಯಾರಿಗೆ ಬೇಕು? ಬ್ಯಾಂಕಿನ ಉಳಿತಾಯ ಖಾತೆಯನ್ನೇ ತೆಗೆದುಕೊಳ್ಳೋಣ.

ಖಾತೆ ಎಂದರೆ ಅದಕ್ಕೊಂದು ಹೆಸರು, ಬ್ಯಾಲೆನ್ಸ್ ಇರಬೇಕು. ಹಣ ಜಮಾ ಮಾಡಲು, ತೆಗೆಯಲು ಬರಬೇಕು. ಈ ವಿವರವನ್ನು ಕೋಡ್‌ನಲ್ಲಿ ಬರೆದರೆ ಅದೇ ಕ್ಲಾಸ್. ಹೆಸರು, ಬ್ಯಾಲೆನ್ಸ್ ಅದರ ಆಟ್ರಿಬ್ಯೂಟ್‌ಗಳು. ಜಮಾ ಮಾಡುವುದು, ತೆಗೆಯುವುದು ಮೆಥಡ್‌ಗಳು. ಇಷ್ಟು ಬರೆದ ಮಾತ್ರಕ್ಕೆ ಯಾರ ಖಾತೆಯೂ ತೆರೆದಿರುವುದಿಲ್ಲ. ಪೈಥಾನ್‌ನಲ್ಲಿ ಕ್ಲಾಸಿನ ಹೆಸರಿನ ಮುಂದೆ ಕಂಸ ಹಾಕಿ, ಸರೋಜಾ, 500 ಎಂದು ಕೊಟ್ಟಾಗ ಮೆಮೊರಿಯಲ್ಲಿ ಒಂದು ಆಬ್ಜೆಕ್ಟ್ ಹುಟ್ಟುತ್ತದೆ. ಬಸವರಾಜ, 1000 ಎಂದರೆ ಇನ್ನೊಂದು. ಸರೋಜಾಳ ಖಾತೆಗೆ 200 ಜಮಾ ಮಾಡಿದರೆ ಅದು 700 ಆಗುತ್ತದೆ, ಬಸವರಾಜನ 1000 ಹಾಗೇ ಉಳಿಯುತ್ತದೆ. ಜಮಾ ಮಾಡುವ ಕೋಡ್ ಇಬ್ಬರಿಗೂ ಒಂದೇ. ಈಗ ಯಾರ ಖಾತೆ ಮುಟ್ಟಬೇಕು ಎಂದು ಅದಕ್ಕೆ ತಿಳಿಸುವುದು 'ಸೆಲ್ಫ್'.

ಒಂದೇ ಬಗೆಯ ಹಲವು ವಸ್ತುಗಳು, ಪ್ರತಿಯೊಂದಕ್ಕೂ ತನ್ನದೇ ಸ್ಥಿತಿ: 1960ರ ದಶಕದಲ್ಲಿ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಎದುರಿಗಿದ್ದದ್ದೂ ಇದೇ. ಸಿಮ್ಯುಲೇಶನ್ ಕೆಲಸ ಮಾಡುತ್ತಾ ಅವರು ರೂಪಿಸಿದ ಸಿಮುಲಾ 67 ಭಾಷೆಯಿಂದ ಕ್ಲಾಸ್ ಬಂತು.

ಇಷ್ಟು ತಿಳಿದ ಮೇಲೂ ಹೊಸಬರು ಎಡವುವ ಜಾಗಗಳಿವೆ. 'ಖಾತೆ2 = ಖಾತೆ1' ಎಂದು ಬರೆದರೆ ಎರಡನೇ ಖಾತೆ ತೆರೆಯಿತು ಎಂದುಕೊಳ್ಳುತ್ತಾರೆ. ಪೈಥಾನ್‌ನಲ್ಲಿ, ಜಾವಾದಲ್ಲಿ ಹಾಗಾಗುವುದಿಲ್ಲ. ಇದ್ದ ಆಬ್ಜೆಕ್ಟಿಗೇ ಇನ್ನೊಂದು ಹೆಸರು ಸೇರಿತು, ಅಷ್ಟೆ. ಖಾತೆ2ರಿಂದ 100 ತೆಗೆದರೆ ಖಾತೆ1ರಲ್ಲೂ 100 ಕಡಿಮೆ! ಇದಕ್ಕಿಂತ ತಲೆ ತಿನ್ನುವುದು ಪೈಥಾನ್‌ನ ಇನ್ನೊಂದು ಪ್ರಸಂಗ. ವಹಿವಾಟಿನ ಪಟ್ಟಿಯನ್ನು, ಆಬ್ಜೆಕ್ಟ್ ಹುಟ್ಟುವಾಗ ಓಡುವ 'ಇನಿಟ್' ಮೆಥಡ್‌ನ ಒಳಗೆ ಸೆಲ್ಫ್‌ಗೆ ಸೇರಿಸುವ ಬದಲು ನೇರ ಕ್ಲಾಸಿನಡಿ ಇಟ್ಟರೆ ಎಲ್ಲ ಖಾತೆಗೂ ಒಂದೇ ಪಟ್ಟಿ. ಸರೋಜಾ ಕಟ್ಟಿದ ಹಣ ಬಸವರಾಜನ ಪಾಸ್‌ಬುಕ್ಕಿನಲ್ಲೂ ಕಾಣಿಸುತ್ತದೆ. ಎರರ್ ಬರುವುದಿಲ್ಲ, ಹಾಗಾಗಿ ತಪ್ಪು ಬೇಗ ಸಿಗುವುದೂ ಇಲ್ಲ.

ಹಾಗೆಂದು ಕಂಡದ್ದಕ್ಕೆಲ್ಲ ಕ್ಲಾಸ್ ಕಟ್ಟಬೇಕಿಲ್ಲ. ಎರಡು ಸಂಖ್ಯೆ ಕೂಡಿಸಲು ಒಂದು ಫಂಕ್ಷನ್ ಸಾಕು. ಒಂದಿಷ್ಟು ಮಾಹಿತಿ, ಅದನ್ನು ಬದಲಿಸುವ ಕೆಲಸ ಎರಡೂ ಸದಾ ಜೊತೆಯಲ್ಲೇ ಓಡಾಡುತ್ತಿದ್ದರೆ ಆಗ ಕ್ಲಾಸ್ ಬರೆಯಿರಿ. ಇನ್‌ಹೆರಿಟೆನ್ಸ್ ಪಾಠಕ್ಕೆ ಹೋಗುವ ಮೊದಲು ಎರಡು ಖಾತೆ ತೆರೆದು, ಮೇಲಿನ ಎರಡೂ ತಪ್ಪುಗಳನ್ನು ಬೇಕೆಂದೇ ಮಾಡಿ, ಪ್ರತಿ ಹೆಜ್ಜೆಗೂ ಬ್ಯಾಲೆನ್ಸ್, ವಹಿವಾಟಿನ ಪಟ್ಟಿ ಎರಡನ್ನೂ ಪ್ರಿಂಟ್ ಮಾಡಿ ನೋಡಿ.