1,180 ಅಡಿ ಕೆಳಗೂ ಬರೀ ಧೂಳು

2024ರ ಮಾರ್ಚ್. ಕೆ.ಆರ್. ಪುರಂನ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ತಿರುಚೆಂಗೋಡಿನ ಬೋರ್‌ವೆಲ್ ಲಾರಿ ಬೆಳಿಗ್ಗೆಯಿಂದ ಕೊರೆಯುತ್ತಿತ್ತು. ಕಿಟಕಿ, ಕಾರು, ತುಳಸಿ ಗಿಡ ಎಲ್ಲದರ ಮೇಲೂ ಬೂದಿ ಬಣ್ಣದ ಧೂಳು. ರಾತ್ರಿ ಹತ್ತೂವರೆಗೆ ಡ್ರಿಲ್ಲರ್ ಅಣ್ಣ ಬಂದು, "ಸಾರ್, ಸಾವಿರದ ನೂರ ಎಂಬತ್ತು ಅಡಿ ಆಯ್ತು. ನೀರಿಲ್ಲ. ಇನ್ನೂ ಇಳಿಸೋದಾ?" ಅಂದ.

ಉತ್ತರ ಕೊಡಬೇಕಾದವನು ನಾನು. ಎಂಜಿನಿಯರ್ ಅಂತ ಅಸೋಸಿಯೇಷನ್‌ನವರು ನೀರಿನ ಉಸ್ತುವಾರಿಯನ್ನು ನನ್ನ ತಲೆಗೆ ಕಟ್ಟಿದ್ದರು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ಮಾಡೋದು ಇಂದಿರಾನಗರದ ಆಫೀಸಿನಲ್ಲಿ ಕೋಡಿಂಗ್. ಕಲ್ಲಿನ ಬಗ್ಗೆ ನನಗೇನು ಗೊತ್ತು? ಆಳ ಹೋದಷ್ಟೂ ಅಡಿಗೆ ರೇಟು ಏರುತ್ತೆ ಅನ್ನೋದು ಮಾತ್ರ ಗೊತ್ತಿತ್ತು. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿದ್ದ ತಿಂಗಳದು. ಜಾಗ ತೋರಿಸಲು ಬಂದವರ ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಕಾಯಿ ಎದ್ದಿತು, ನೀರು ಏಳಲಿಲ್ಲ.

"ಬೆಳಿಗ್ಗೆವರೆಗೂ ನಿಲ್ಲಿಸಿ ಅಣ್ಣಾ" ಅಂದೆ. ಒಂದು ಹಿಡಿ ಧೂಳನ್ನು ಸ್ಟೀಲ್ ಬಟ್ಟಲಿಗೆ ಹಾಕಿ ತೊಳೆದೆ. ಪುಡಿ ಹೋದ ಮೇಲೆ ಮೂರು ಥರದ ಕಾಳು ಉಳಿದವು: ಗಾಜಿನಂಥ ಬೆಣಚುಕಲ್ಲು, ಮಾಸಲು ಬಿಳಿ ಫೆಲ್ಡ್‌ಸ್ಪಾರ್, ಕಪ್ಪಗೆ ಮಿನುಗುವ ಕಾಗೆಬಂಗಾರ. ಇದೇ ನಮ್ಮೂರಿನ ಅಡಿಪಾಯ. 1916ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ ಇದಕ್ಕೆ ಪೆನಿನ್ಸುಲರ್ ನೈಸ್ ಅಂತ ಹೆಸರಿಟ್ಟರು. ಹೆಸರು ನೈಸ್, ಬೋರ್ ಕೊರೆಸುವವರಿಗೆ ಅಷ್ಟೇನೂ ನೈಸಲ್ಲ. ಲಾಲ್‌ಬಾಗ್ ಗುಡ್ಡದಲ್ಲಿ ನಾವೆಲ್ಲ ಸೆಲ್ಫಿ ತೆಗೆದುಕೊಳ್ಳುವ ಬಂಡೆಯೂ ಇದೇ ಜಾತಿ, ವಯಸ್ಸು ಸುಮಾರು 300 ಕೋಟಿ ವರ್ಷ.

ಆ ಬಂಡೆಯ ಮೇಲಿನ ಕಪ್ಪು ಬಿಳಿ ಪಟ್ಟೆಗಳನ್ನು ಗಮನಿಸಿದ್ದೀರಾ? ಕೆಲವು ಕಡೆ ಹೋಳಿಗೆ ಕಣಕ ಮಡಚಿದ ಹಾಗೆ ಮಡಿಕೆ ಬಿದ್ದಿರುತ್ತವೆ. ಕಲ್ಲು ಕರಗಿ ಹರಿದದ್ದರಿಂದ ಹಾಗಾಯಿತು ಅಂದುಕೊಂಡಿದ್ದೆ. ಅಲ್ಲಲ್ಲಿ ಸ್ವಲ್ಪ ಕರಗಿದ್ದೂ ಉಂಟು, ಆದರೆ ಬಹುಪಾಲು ಗಟ್ಟಿಯಾಗಿದ್ದುಕೊಂಡೇ ಬಾಗಿದೆ. ಕೆಳಗಿಳಿದಂತೆ ಕಿಲೋಮೀಟರಿಗೆ ಸುಮಾರು 25 ಡಿಗ್ರಿ ಬಿಸಿ ಏರುತ್ತದೆ ಅಂತಿಟ್ಟುಕೊಳ್ಳಿ. ಹತ್ತು ಹನ್ನೆರಡು ಕಿಲೋಮೀಟರ್ ಆಳದಲ್ಲಿ, 300 ಡಿಗ್ರಿ ಹೊತ್ತಿಗೆ, ಬೆಣಚುಕಲ್ಲು ಮುರಿಯುವುದನ್ನು ಬಿಟ್ಟು ಹರಿಯತೊಡಗುತ್ತದೆ. ಫೆಲ್ಡ್‌ಸ್ಪಾರ್ ಹಟಮಾರಿ, ಅದಕ್ಕೆ 450ರಿಂದ 500 ಡಿಗ್ರಿ ಬೇಕು. ಕಾಗೆಬಂಗಾರದ ಹಾಳೆಗಳು ಒತ್ತಡಕ್ಕೆ ಅಡ್ಡಲಾಗಿ, ಇಸ್ಪೀಟೆಲೆ ಜೋಡಿಸಿದಂತೆ ಒಂದೇ ದಿಕ್ಕಿಗೆ ಮಲಗುತ್ತವೆ. ಕಪ್ಪು ಪಟ್ಟೆಗಳಲ್ಲಿ ತುಂಬಿರುವುದು ಅವೇ.

ಬಿಸಿಯೊಂದೇ ಸಾಲದು, ನೀರು ಬೇಕು. ಕಣಕಕ್ಕೆ ಬೇಕಲ್ಲ, ಹಾಗೇ. 1965ರಲ್ಲಿ ಡೇವಿಡ್ ಗ್ರಿಗ್ಸ್ ಮತ್ತು ಜೇಮ್ಸ್ ಬ್ಲಾಸಿಕ್ ಎಂಬ ಅಮೆರಿಕದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೆಣಚು ಹರಳುಗಳನ್ನು ಕಾಯಿಸಿ ಒತ್ತಿ ನೋಡಿದರು. ಒಣ ಹರಳು ಜಪ್ಪಯ್ಯ ಅನ್ನಲಿಲ್ಲ. ಒಳಗೆ ಚೂರೇ ಚೂರು ನೀರು ಸೇರಿದ್ದ ಹರಳು ಮೆತ್ತಗಾಗಿ ಬಾಗಿತು. ಸಿಲಿಕಾನ್, ಆಕ್ಸಿಜನ್ ನಡುವಿನ ಬಿಗಿಯಾದ ಕೊಂಡಿಯನ್ನು ನೀರು ಸಡಿಲ ಮಾಡುತ್ತದೆ. ಇನ್ನೊಂದು ಕಸುಬೂ ನೀರಿಗೆ ಗೊತ್ತು: ಕಾಳುಗಳು ಒಂದಕ್ಕೊಂದು ಒತ್ತಿಕೊಂಡಲ್ಲಿ ಖನಿಜವನ್ನು ಕರಗಿಸಿ, ಒತ್ತಡ ಕಡಿಮೆಯಿರುವ ಪಕ್ಕದ ಸಂದಿಯಲ್ಲಿ ಇಳಿಸುವುದು. ಒಂದೊಂದು ಕಾಳು ಹೀಗೆ ಜಾಗ ಬದಲಿಸುತ್ತಾ ಇಡೀ ಬೆಟ್ಟ ಸದ್ದಿಲ್ಲದೆ ಆಕಾರ ಬದಲಿಸುತ್ತದೆ.

ಇದರ ಚಿನ್ನದಂಥ ಉದಾಹರಣೆ ನಮ್ಮ ರೈಲು ದಾರಿಯಲ್ಲೇ ಇದೆ. ಮಾರಿಕುಪ್ಪಂನಿಂದ ಹೊರಟ ಟ್ರೇನು ಬೆಳಿಗ್ಗೆ ಕೆ.ಆರ್. ಪುರಂ ದಾಟಿ ಕಂಟೋನ್ಮೆಂಟಿಗೆ ಬರುವಾಗ ಕೆಜಿಎಫ್‌ನ ಎಷ್ಟೋ ಜನ ಅದರಲ್ಲಿ ಜೋತಾಡಿಕೊಂಡು ಕೆಲಸಕ್ಕೆ ಬರುತ್ತಾರೆ. ನಮ್ಮ ಟೀಮಿನ ಹುಡುಗನೊಬ್ಬನೂ ಅದೇ ಟ್ರೇನು. ಅವನ ತಾತ ಚಾಂಪಿಯನ್ ರೀಫ್‌ನಲ್ಲಿ ಗಣಿ ಕೆಲಸಗಾರರು. ಧೂಳಿನ ಕತೆ ಕೇಳಿದವನು ಮಾರನೇ ವಾರ ತಾತನ ಕಪಾಟಿನಿಂದ ಒಂದು ಬಿಳಿ ಬೆಣಚುಕಲ್ಲು ತಂದು ನನ್ನ ಮೇಜಿನ ಮೇಲಿಟ್ಟ. "ಚಿನ್ನ ಇಲ್ಲ ಗುರು, ಇದ್ದಿದ್ರೆ ನಾನ್ಯಾಕೆ ಸ್ಟ್ಯಾಂಡಪ್ ಮೀಟಿಂಗಿಗೆ ಬರ್ತಿದ್ದೆ?"

ಕೋಲಾರದ ಚಿನ್ನ ಬೆಣಚುಕಲ್ಲಿನ ಇಂಥ ಎಳೆಗಳಲ್ಲೇ ಸಿಕ್ಕಿದ್ದು. ಭೂಮಿಯಾಳದ ಬಿಸಿ ನೀರು ಗಂಧಕದ ಜೊತೆ ಕಟ್ಟಿಕೊಂಡ ಚಿನ್ನವನ್ನು ಹೊತ್ತು ತಂದಿತು. ಆ ನೀರು ಏರಿದ್ದು ಹೇಗೆ? ಕುಕ್ಕರ್ ನೆನೆಸಿಕೊಳ್ಳಿ. ಕಲ್ಲಿನ ಬಿರುಕು ಮುಚ್ಚಿಕೊಂಡಿದ್ದಾಗ ಕೆಳಗೆ ನೀರಿನ ಒತ್ತಡ ಏರುತ್ತಾ ಹೋಗುತ್ತದೆ. ಮಿತಿ ಮೀರಿದಾಗ ಬಿರುಕು ಜಾರಿ ತೆರೆಯುತ್ತದೆ, ಅದೇ ಭೂಕಂಪ, ಅದೇ ವಿಶಲ್. ನೀರು ಮೇಲಕ್ಕೆ ನುಗ್ಗಿ ಒತ್ತಡ ಇಳಿದಾಗ ಗಂಧಕ ಅನಿಲವಾಗಿ ಬಿಟ್ಟುಹೋಗುತ್ತದೆ, ಚಿನ್ನ ಅನಾಥವಾಗಿ ಬೆಣಚಿನ ಜೊತೆ ಅಲ್ಲೇ ಕೂರುತ್ತದೆ. ಬೆಣಚು ಬಿರುಕನ್ನು ಮತ್ತೆ ಮುಚ್ಚುತ್ತದೆ, ಮುಂದಿನ ವಿಶಲ್‌ಗೆ ತಯಾರಿ. ಇಂಥ ಚಿನ್ನದ ಎಳೆಗಳಿಗೆ ಈ ವಿವರಣೆಯನ್ನು 1988ರಲ್ಲಿ ಕೊಟ್ಟವರು ರಿಚರ್ಡ್ ಸಿಬ್ಸನ್ ಮತ್ತು ಸಂಗಡಿಗರು. ಎಳೆ ಹಿಡಿದು ಕೆಜಿಎಫ್‌ನವರು ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಅವನ ತಾತ ಆಮೇಲೂ ಸೈರನ್ ಹೊತ್ತಿಗೇ ಏಳುತ್ತಿದ್ದರಂತೆ.

ಮತ್ತೆ ನನ್ನ ಧೂಳಿಗೆ ಬರುತ್ತೇನೆ. ಅಷ್ಟು ನೀರು ಓಡಾಡಿದ ನೆಲ ಈಗ ಯಾಕೆ ಒಣಗಿದೆ? ಇದಕ್ಕೆ ಉತ್ತರ ಕಣ್ಣಿಗೆ ಕಂಡದ್ದು ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದ ಹತ್ತಿರ. ಬೆಟ್ಟಕ್ಕೆ, ಕಬ್ಬಾಳಮ್ಮನ ದರ್ಶನಕ್ಕೆ ಹೋಗುವವರು ಬಹಳ. ಪಕ್ಕದ ಕಲ್ಲು ಕ್ವಾರಿ ನೋಡಲು ಜಗತ್ತಿನ ಭೂವಿಜ್ಞಾನಿಗಳು ಬರುತ್ತಾರೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಬೂದು ಬಣ್ಣದ ನೈಸ್ ಕಲ್ಲಿನ ಮೇಲೆ ಎಣ್ಣೆ ಚೆಲ್ಲಿದಂತೆ ಕಡು ಹಸಿರುಗಪ್ಪು ಮಚ್ಚೆಗಳು. ಅದು ಚಾರ್ನೊಕೈಟ್. ಒಂದು ಕಲ್ಲು ಇನ್ನೊಂದಾಗುತ್ತಾ ಅರ್ಧಕ್ಕೇ ನಿಂತುಬಿಟ್ಟಿದೆ. ಸಿ.ಎಸ್. ಪಿಚಮುತ್ತು 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಜಗತ್ತಿಗೆ ತೋರಿಸಿದರು.

ಆಗಿದ್ದಿಷ್ಟು. ಸುಮಾರು 250 ಕೋಟಿ ವರ್ಷದ ಹಿಂದೆ ಈ ಕಲ್ಲು ಭೂಮಿಯೊಳಗೆ ಬಹಳ ಆಳದಲ್ಲಿ, 700 ಡಿಗ್ರಿಗೂ ಮೀರಿದ ಬಿಸಿಯಲ್ಲಿತ್ತು. ಬಿರುಕು, ಪಟ್ಟೆಗಳ ಗುಂಟ ಇಂಗಾಲದ ಡೈಆಕ್ಸೈಡ್ ಏರಿ ಬಂದು ನೀರನ್ನು ಹೊರದೂಡಿತು. ಮೈಯೊಳಗೆ ನೀರು ಕಟ್ಟಿಕೊಂಡಿದ್ದ ಕಾಗೆಬಂಗಾರ, ಹಾರ್ನ್‌ಬ್ಲೆಂಡ್ ಒಡೆದು ನೀರೇ ಇಲ್ಲದ ಪೈರಾಕ್ಸೀನ್ ಆದವು. ಮೈಸೂರು ವಿಶ್ವವಿದ್ಯಾನಿಲಯದ ಎ.ಎಸ್. ಜನಾರ್ದನ್, ಶಿಕಾಗೊದ ರಾಬರ್ಟ್ ನ್ಯೂಟನ್ ಮೊದಲಾದವರು ಮಂಡಿಸಿದ ವಾದವಿದು. ಅನಿಲವೊಂದೇ ಅಲ್ಲ, ಉಪ್ಪುನೀರು, ಕರಗಿದ ಕಲ್ಲಿನ ಪಾತ್ರವೂ ಇದೆ ಅನ್ನುವವರೂ ಇದ್ದಾರೆ. ಕಲ್ಲು ಒಣಗಿತು ಅನ್ನುವುದರಲ್ಲಿ ಮಾತ್ರ ಜಗಳವಿಲ್ಲ.

ನಮ್ಮ ಕೆ.ಆರ್. ಪುರಂ ಕಲ್ಲು ಅಷ್ಟು ಒಣಗಿಲ್ಲ. ಬಟ್ಟಲಲ್ಲಿ ಕಾಗೆಬಂಗಾರ ಇತ್ತಲ್ಲ, ಅದರ ತೂಕದಲ್ಲಿ ಶೇ. 4ರಷ್ಟು ನೀರೇ. ತಮಾಷೆ ಅಂದ್ರೆ ಇದು: ಟ್ಯಾಂಕರಿಗಾಗಿ ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಿದ್ದ ನಮ್ಮ ಕಾರುಗಳ ಮೇಲೆಲ್ಲ ಆ ದಿನ ನೀರು ಬಿದ್ದಿತ್ತು, ಧೂಳಿನ ರೂಪದಲ್ಲಿ. ಹರಳೊಳಗೆ ಬೀಗ ಹಾಕಿಕೊಂಡ ನೀರದು, ಯಾವ ಮೋಟರಿಗೂ ಬಗ್ಗದು. ಆಳದ ಒತ್ತಡದಲ್ಲಿ ಕಾಳುಗಳು ಸಂದಿಯೇ ಇಲ್ಲದಂತೆ ಹೊಂದಿಕೊಂಡಿವೆ. ಬೋರ್‌ವೆಲ್‌ಗೆ ಸಿಗುವುದು ಆಮೇಲಿನ ನೀರು: ಮೇಲಿನ ಕಲ್ಲೆಲ್ಲ ಸವೆದು ಈ ಬಂಡೆ ನೆಲದ ಹತ್ತಿರ ಬಂದಾಗ, ಭಾರ ಇಳಿದು, ತಣ್ಣಗಾಗಿ ಬಿದ್ದ ಬಿರುಕುಗಳಲ್ಲಿ ಕೂತ ಮಳೆನೀರು. ಕೆಳಗೆ ಹೋದಂತೆ ಭಾರ ಹೆಚ್ಚಿ ಬಿರುಕು ಕಮ್ಮಿಯಾಗುತ್ತದೆ, ಇರುವುದೂ ಬಿಗಿಯುತ್ತದೆ.

ಇಷ್ಟೆಲ್ಲ ಆ ರಾತ್ರಿ ನನಗೆ ಗೊತ್ತಾಗಿರಲಿಲ್ಲ. ಬಿರುಕಿನ ವಿಷಯ ಒಂದನ್ನು ಓದಿಕೊಂಡು ಬೆಳಿಗ್ಗೆ ಎಂಟಕ್ಕೆ ಲಾರಿ ಕಳಿಸಿಬಿಟ್ಟೆ. ಉಳಿದ ಹಣದಲ್ಲಿ, ಮೂರು ಮೀಟಿಂಗ್ ಜಗಳದ ನಂತರ, ಬಾವಿ ತೋಡುವ ಮಣ್ಣು ವಡ್ಡರ ತಂಡ ಕರೆಸಿ ಮೂವತ್ತು ಅಡಿಯ ಎರಡು ಇಂಗುಬಾವಿ ತೋಡಿಸಿದೆವು. ತಾರಸಿಯ ಮಳೆನೀರೆಲ್ಲ ಈಗ ಅಲ್ಲಿಗೇ. ಮಳೆಗಾಲದಲ್ಲಿ ಹಳೇ 300 ಅಡಿ ಬೋರು ದಿನಕ್ಕೆ ಮುಕ್ಕಾಲು ಗಂಟೆ ಓಡುತ್ತದೆ, ಮಾರ್ಚಿನಲ್ಲಿ ಹತ್ತು ನಿಮಿಷ. ಟ್ಯಾಂಕರ್ ಪೂರ್ತಿ ನಿಂತಿಲ್ಲ.

ಮೂರನೇ ಮಹಡಿಯ ರಾಯರು ಲಿಫ್ಟಲ್ಲಿ ಸಿಕ್ಕಾಗಲೆಲ್ಲ, "ಇನ್ನೂರಡಿ ಹೋಗಿದ್ರೆ ಸಿಕ್ಕೇ ಸಿಗ್ತಿತ್ತು ಕಣಪ್ಪ" ಅಂತಾರೆ. ಒಂದೇ ಒಂದು ಬಿರುಕು ಸಿಕ್ಕಿದ್ದರೆ ಅವರ ಮಾತು ನಿಜವೂ ಆಗಬಹುದಿತ್ತು, ಅದಕ್ಕೇ ಸುಮ್ಮನಿರುತ್ತೇನೆ. 1,180 ಅಡಿಯ ಆ ತೂತಿಗೆ ಕಬ್ಬಿಣದ ಮುಚ್ಚಳ ಹಾಕಿ ಬೆಸುಗೆ ಹಾಕಿಸಿದ್ದೇವೆ. ಅದರ ಮೇಲೀಗ ರಾಯರದೇ ಆಕ್ಟಿವಾ ನಿಲ್ಲುತ್ತದೆ.