ಶೇಂಗಾ ಎಣ್ಣೆಯ ನಾಡಿಗೆ ಕೊಲೆಸ್ಟ್ರಾಲ್ ಬಂದ ದಾರಿ

ಚಿತ್ರದುರ್ಗದ ಕಡೆ ಯಾರಿಗಾದರೂ ಎದೆನೋವು ಬಂತೆಂದರೆ ಮೊದಲ ದೂರು ಎಣ್ಣೆಯ ಮೇಲೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ದಿನಸಿ ಅಂಗಡಿಗಳಲ್ಲೂ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಅಚ್ಚಾದ ಪ್ಯಾಕೆಟ್ಟಿಗೆ ಮರ್ಯಾದೆ ಹೆಚ್ಚು. ಆದರೆ ಎಣ್ಣೆ ಮಿಲ್ಲುಗಳಿಂದಾಗಿ ‘ಎರಡನೇ ಮುಂಬೈ’ ಎನಿಸಿಕೊಂಡ ಪಕ್ಕದ ಚಳ್ಳಕೆರೆಯ ಶೇಂಗಾ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಎಂದೂ ಇರಲಿಲ್ಲ. ಅದು ಪ್ರಾಣಿದೇಹದ ಸರಕು. ನಮಗೆ ಬೇಕಾದ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ.

ಕೊಲೆಸ್ಟ್ರಾಲ್ ಮೇಲೆ ಅನುಮಾನ ಹುಟ್ಟಿದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. 1913ರಲ್ಲಿ ನಿಕೊಲಾಯ್ ಅನಿಚ್ಕೋವ್ ಶುದ್ಧ ಕೊಲೆಸ್ಟ್ರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಿದರು. ಮಹಾಧಮನಿಯ ಒಳಗೋಡೆಯಲ್ಲಿ ಜಿಡ್ಡು ಕಟ್ಟಿತು. ಬರೀ ಎಣ್ಣೆ ತಿಂದ ಮೊಲಗಳ ರಕ್ತನಾಳ ಮಾತ್ರ ಚೊಕ್ಕಟವಾಗಿತ್ತು. ಈ ಎರಡನೇ ಗುಂಪನ್ನು ನಾವು ಮರೆಯಬಾರದಿತ್ತು. ಹಾಗೆಂದು ಎಲ್ಲ ಎಣ್ಣೆಯೂ ಒಂದೇ ಅಲ್ಲ. ಶೇಂಗಾ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಐದನೇ ಒಂದು ಪಾಲಿನಷ್ಟಿದ್ದರೆ, ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ. ರಕ್ತದಲ್ಲಿ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲನ್ನು ಏರಿಸುವುದು ಈ ಕೊಬ್ಬು.

ಏರುವುದು ಹೇಗೆಂದು ತಿಳಿದದ್ದು 1970ರ ದಶಕದಲ್ಲಿ. ಎಳೆಯ ವಯಸ್ಸಿನಲ್ಲೇ ಹೃದಯಾಘಾತವಾಗುವ ವಂಶವಾಹಿ ಕಾಯಿಲೆಯ ಮಕ್ಕಳ ಜೀವಕೋಶಗಳನ್ನು ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಪರೀಕ್ಷಿಸಿದರು. ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳೇ ಅಲ್ಲಿರಲಿಲ್ಲ. ಆ ಮಕ್ಕಳ ತಟ್ಟೆಯಲ್ಲಿ ತಪ್ಪಿರಲಿಲ್ಲ. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೂ ಮೊದಲೇ ಜಪಾನಿನ ಅಕಿರಾ ಎಂಡೊ ಬೂಷ್ಟಿನಿಂದ ಕೊಲೆಸ್ಟ್ರಾಲ್ ತಗ್ಗಿಸುವ ಮದ್ದಾದ ಮೊದಲ ಸ್ಟ್ಯಾಟಿನ್ ತೆಗೆದಿದ್ದರು. ಸ್ಟ್ಯಾಟಿನ್ ಮಾತ್ರೆಯಿಂದ ಹೃದ್ರೋಗಿಗಳ ಸಾವು ಶೇ 30ರಷ್ಟು ತಗ್ಗಿದ್ದನ್ನು 1994ರಲ್ಲಿ 4,444 ಜನರ ಅಧ್ಯಯನ ತೋರಿಸಿತು.

ನಮ್ಮ ಪಾಲಿನ ಕಹಿಸತ್ಯ ಹೊರಬಂದದ್ದು 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನದಿಂದ. ಅದರ ಮುಂದಾಳು ಸಲೀಂ ಯೂಸುಫ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ರ ಆಸುಪಾಸು, ಬೇರೆಯವರಿಗಿಂತ ಐದಾರು ವರ್ಷ ಮೊದಲೇ. ತಂಬಾಕು, ಸಕ್ಕರೆ ಕಾಯಿಲೆ, ಬಿಪಿಗಳೂ ಪಾಲುದಾರರು.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಿಗೆ ಇಸಿಜಿ ಮತ್ತು ಹೆಪ್ಪು ಕರಗಿಸುವ ಇಂಜೆಕ್ಷನ್ ತಲುಪಿಸಲೆಂದೇ ಬಂದದ್ದು. ಬಹು ದೊಡ್ಡ ಕೆಲಸ, ಆದರೆ ಅದು ಎದೆನೋವು ಬಂದ ಮೇಲಿನದು. ಮುಂಚಿನದಕ್ಕೆ ರಕ್ತಪರೀಕ್ಷೆಯಿದೆ. ಭಾರತೀಯ ಹೃದ್ರೋಗ ತಜ್ಞರ 2024ರ ಮಾರ್ಗಸೂಚಿಯಂತೆ ಮೊದಲ ಲಿಪಿಡ್ ಪರೀಕ್ಷೆ 18ನೇ ವಯಸ್ಸಿಗೇ ಆಗಬೇಕು. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆದವರಿದ್ದರೆ ಇನ್ನೂ ಮೊದಲೇ. ಸಾಮಾನ್ಯರಿಗೆ ಎಲ್‌ಡಿಎಲ್ 100ರೊಳಗೆ, ಹೃದಯಾಘಾತ ಆದವರಿಗೆ 55ರೊಳಗೆ ಇರಬೇಕು. ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದೂ ಇಲ್ಲ. ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿಯುವವರು ತಿಂಡಿ ತಿಂದೇ ಹೊರಡಬಹುದು.